ಸ್ಕ್ಯಾನ್ ಮಾಡಿದರೆ ಕೊಸರಿಲ್ಲ

ಹೋದ ಭಾನುವಾರ ಕಾರವಾರದ ಸಂತೆಯಲ್ಲಿ ಎರಡು ಕಟ್ಟು ಹರಿವೆ, ಒಂದು ಪಾಲು ಹೀರೇಕಾಯಿ ತಗೊಂಡೆ. 65 ರೂಪಾಯಿ ಆಯಿತು. ಫೋನ್ ತೆಗೆದು ಸ್ಕ್ಯಾನ್ ಮಾಡಿದೆ. ಬುಟ್ಟಿಯ ಪಕ್ಕದಲ್ಲಿದ್ದ ಡಬ್ಬಿ ಊರಿಗೆಲ್ಲ ಕೇಳುವ ಹಾಗೆ ಅರವತ್ತೈದು ರೂಪಾಯಿ ಬಂತು ಅಂತ ಕೂಗಿತು. ಹಳೆ ಅಭ್ಯಾಸ ನೋಡಿ, ಕೊಸರಿಗೆ, ಅಂದರೆ ಕೊಂಡದ್ದರ ಮೇಲೆ ಪುಕ್ಕಟೆ ಬೀಳುವ ಚೂರಿಗೆ, ಚೀಲದ ಬಾಯಿ ಹಾಗೇ ತೆರೆದು ಹಿಡಿದುಕೊಂಡೆ. "ಒಂದೆರಡು ಹಸಿಮೆಣಸು ಹಾಕಮ್ಮ" ಅಂದೆ.

ಅವಳು ನಕ್ಕಳು. "ಸ್ಕ್ಯಾನ್ ಮಾಡ್ದವ್ರಿಗೆ ಕೊಸರು ಇಲ್ಲ ತಂಗಿ."

ತಮಾಷೆ ಅಂದುಕೊಂಡೆ. ಅಲ್ಲ, ಅವಳ ಹತ್ತಿರ ಪಕ್ಕಾ ಲೆಕ್ಕ ಇತ್ತು. "ನೀನು ಎಪ್ಪತ್ತು ಕೊಟ್ಟಿದ್ರೆ ನನ್ನ ಹತ್ರ ಐದು ರೂಪಾಯಿ ಚಿಲ್ಲರೆ ಇರ್ತಿರ್ಲಿಲ್ಲ. ಅದಕ್ಕೆ ಮೆಣಸು ಹಾಕ್ತಿದ್ದೆ. ಈಗ ಸರಿಯಾಗಿ ಅರವತ್ತೈದೇ ಹಾಕಿದ್ಯಲ್ಲ, ಯಾವ ಲೆಕ್ಕಕ್ಕೆ ಮೆಣಸು?"

ಏನು ಹೇಳೋದು? ಚೀಲ ಮುಚ್ಚಿಕೊಂಡು ಬಂದೆ. ಎರಡು ಹಸಿಮೆಣಸಿಗೆ ಇಷ್ಟುದ್ದ ಪೋಸ್ಟ್ ಬೇಕಾ ಅಂತ ಮನೆಯವರು ಆಗಲೇ ಕೇಳಿದ್ದಾರೆ. ಬೇಕು.

ನಾನು ಘಟ್ಟದ ಮೇಲಿನವಳು. ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಘಟ್ಟ ಇಳಿದು ಕಾರವಾರಕ್ಕೆ ಬಂದೆ. ಕೊಸರು ಅನ್ನೋದು ನನಗೆ ಅಮ್ಮ ಕಲಿಸಿದ ವಿದ್ಯೆ. ರವಿಕೆ ಬಟ್ಟೆ ಅಳೆಯುವಾಗ ಅಂಗಡಿಯವನ ಕತ್ತರಿಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅದು ಗೆರೆಗಿಂತ ಎರಡು ಬೆರಳು ಆಚೆ ಹೋದರೆ ಮಾತ್ರ ಮುಖ ಸಡಿಲ ಆಗುತ್ತಿತ್ತು. ಹಾಲು ಅಳೆದ ಮೇಲೆ ಒಂದು ತೊಟ್ಟು ಜಾಸ್ತಿ ಬೀಳಬೇಕು. ಬೀಳದಿದ್ದರೆ ಅವತ್ತಿಡೀ ಅದೇ ಮಾತು. ಹಾಲು ಕಡಿಮೆ ಬಂತು ಅಂತ ಅಲ್ಲ, "ಅವನಿಗೆ ನಮ್ಮ ಮೇಲೆ ಏನೋ ಸಿಟ್ಟು" ಅಂತ. ಆ ಒಂದು ತೊಟ್ಟಿನಲ್ಲಿ ಅಷ್ಟೆಲ್ಲ ಸುದ್ದಿ ಇರುತ್ತಿತ್ತು.

ಈ ಕಥೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ನನ್ನ ಪರ ಮಾತಾಡುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. "ಕೊಸರು ಬಿಡೋದು ಯಾವಾಗ್ಲೂ ಬೆಳೆದವನ ಬುಟ್ಟಿಯಿಂದ್ಲೇ. ಪೇಟೆಯವನು ಎಂದಾದ್ರೂ ನಮಗೆ ಕೊಸರು ಕೊಟ್ಟಿದ್ದು ನೋಡಿದ್ಯಾ?" ಅಂದರು. ಅಪ್ಪ ಅಡಿಕೆಯವರು. ಮಧ್ಯವರ್ತಿಗಳ ಕಾಟ ತಪ್ಪಲಿ ಅಂತ ಬೆಳೆಗಾರರೇ ಸೇರಿ 1923ರಲ್ಲಿ ಟಿಎಸ್‌ಎಸ್ ಅನ್ನೋ ಸಹಕಾರಿ ಮಾರಾಟ ಸಂಘ ಕಟ್ಟಿದ ಊರಿನವರು. ತೂಕದಲ್ಲಿ ಯಾರು ಯಾರಿಗೆ ಎಷ್ಟು ಬಿಟ್ಟರು ಅನ್ನೋ ವಿಷಯ ಅವರಿಗೆ ಹುಡುಗಾಟ ಅಲ್ಲ. ಈಗಲೂ ದಿನಾ ಮಧ್ಯಾಹ್ನ ವಾಟ್ಸಾಪಿನಲ್ಲಿ ಅಡಿಕೆ ಧಾರಣೆ, ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು ಅಂತ ನೋಡದೆ ಊಟಕ್ಕೆ ಕೂರುವುದಿಲ್ಲ. ಧಾರಣೆ ಬಿದ್ದ ದಿನ ಸಾರಿಗೆ ಉಪ್ಪು ಕಡಿಮೆ ಅನ್ನಿಸುತ್ತದೆ ಅವರಿಗೆ.

ಅಪ್ಪನ ಮಾತು ಅರ್ಧ ಒಪ್ಪಿದೆ. ಅರ್ಧ ಮಾತ್ರ.

ಒಪ್ಪಿದ್ದು ಯಾಕೆ ಅಂದರೆ ಈ ಡಬ್ಬಿಯಿಂದ ಹೆಂಗಸರಿಗೆ ಆದ ಲಾಭ ನಾನೂ ನೋಡಿದ್ದೇನೆ. ನಾನು ಯಾವಾಗಲೂ ಮೀನು ತಗೊಳ್ಳುವ ಮೀನಿನವಳು ಒಂದು ದಿನ ಹೇಳಿದಳು: ಮೊದಲು ಸಂಜೆ ಮನೆಗೆ ಹೋದರೆ ಸೊಂಟದ ಚೀಲಕ್ಕೇ ಮನೆಯವರ ಕೈ ಬರುತ್ತಿತ್ತು, ಈಗ ಚೀಲದಲ್ಲಿ ಏನಿದೆ ಮಣ್ಣು, ದುಡ್ಡೆಲ್ಲ ಬ್ಯಾಂಕಿನಲ್ಲಿದೆ, ಪಿನ್ ನಂಬರ್ ನನ್ನ ತಲೆಯಲ್ಲಿದೆ. ಇದನ್ನು ಹೇಳುತ್ತಾ ಹೇಳುತ್ತಾ ಒಂದು ಇಸವಾಣ ಮೀನಿನ ತಲೆ ಹಾರಿಸಿದಳು. ಕೈ ಒದ್ದೆ, ಆದ್ದರಿಂದ ಫೋನ್ ಮುಟ್ಟುವ ಹಾಗಿಲ್ಲ. ಅದು ಪ್ಲಾಸ್ಟಿಕ್ ಕವರಿನಲ್ಲಿ ಕುತ್ತಿಗೆಯಲ್ಲಿ ನೇತಾಡುತ್ತದೆ. ಕ್ಯೂಆರ್ ಚೀಟಿಯ ಮೇಲೆ ಯಾವಾಗಲೂ ಎರಡು ಮೂರು ಬಂಗಡೆ ಪೊರೆ ಅಂಟಿಕೊಂಡಿರುತ್ತವೆ. ಉಗುರಿನಿಂದ ಕೆರೆದು ತೆಗೆಯದೆ ಸ್ಕ್ಯಾನ್ ಆಗುವುದಿಲ್ಲ. ಮನೆಗೆ ಬಂದು ನೋಡಿದರೆ ಆ ಪೊರೆ ನನ್ನ ಫೋನಿನ ಗಾಜಿನ ಮೇಲೆ.

ಒಮ್ಮೆ ಎಡವಟ್ಟೂ ಆಯಿತು. ಪಕ್ಕಪಕ್ಕ ಇಬ್ಬರು ಕೂತಿದ್ದರು. ಮೀನು ತಗೊಂಡಿದ್ದು ಇವಳ ಹತ್ತಿರ, ಸ್ಕ್ಯಾನ್ ಮಾಡಿದ್ದು ಅವಳ ಚೀಟಿ. ಡಬ್ಬಿ ಕೂಗಿದ್ದನ್ನು ಇಬ್ಬರೂ ಕೇಳಿದರು. ಇವಳು ನನ್ನದೇ ಅಂದುಕೊಂಡಳು. ಅವಳು "ನಾನೇನೂ ಕೊಟ್ಟೇ ಇಲ್ವಲ್ಲ, ಮುನ್ನೂರು ಎಲ್ಲಿಂದ ಬಂತು?" ಅಂತ ಗಾಬರಿಯಾದಳು. ಹತ್ತು ನಿಮಿಷ ಪಂಚಾಯ್ತಿ. ಕೊನೆಗೆ ಅವಳು ಇವಳಿಗೆ ನೋಟು ಎಣಿಸಿ ಕೊಟ್ಟಳು. ಇಬ್ಬರೂ ಸೇರಿ ನನಗೆ ಕೊಂಕಣಿಯಲ್ಲಿ ಬೈದರು. ಅಷ್ಟು ಕೊಂಕಣಿ ನನಗೆ ಬರುತ್ತದೆ.

ಈಗ ಮೇ ಕೊನೆ. ನಮ್ಮ ಕಡೆ ಇದು ಮಳೆಗಾಲದ ಸಾಮಾನು ತುಂಬಿಕೊಳ್ಳುವ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕೇ ಒಣಮೀನು ಈಗಲೇ ತಂದಿಡಬೇಕು. ಒಣ ಶೆಟ್ಲಿ, ಅಂದರೆ ಸಿಗಡಿ, ತಗೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ನೋಡಬೇಕು, ಗಲಗಲ ಅಂದರೆ ಸರಿ, ಮೆತ್ತಗಿದ್ದರೆ ಎರಡು ವಾರದಲ್ಲಿ ಹುಳ. ಇದು ನನ್ನ ಅತ್ತೆ ಕಲಿಸಿದ್ದು. ಕುಮಟಾ ಈರುಳ್ಳಿ ಬೇಕು. ಅದೂ ಜಡೆ ಹೆಣೆದ ಗೊಂಚಲೇ ಆಗಬೇಕು, ಅಡಿಗೆಮನೆಯ ಗಳಕ್ಕೆ ನೇತು ಹಾಕಲು. ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಬದಿಯಲ್ಲಿ ಸಾಲಾಗಿ ತೂಗಿ ಇಟ್ಟಿರುತ್ತಾರಲ್ಲ, ಅದು. ಸಿಹಿ ಈರುಳ್ಳಿ, ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಮುರುಗಲು ಸಿಪ್ಪೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಸಾಣಿಕಟ್ಟಾದ ಹರಳುಪ್ಪು. ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದರೆ ಅಮ್ಮ ಆ ಭರಣಿ ಕಡೆ ತಿರುಗಿಯೂ ನೋಡುವುದಿಲ್ಲ.

ಇದೆಲ್ಲ ಹೇಳುವಾಗ ಕರಿ ಇಶಾಡ ಮಾವಿನಹಣ್ಣು ಬಿಟ್ಟರೆ ಅಂಕೋಲೆಯವರು ನನ್ನನ್ನು ಬಿಡುವುದಿಲ್ಲ. 2023ರಲ್ಲಿ ಅದಕ್ಕೆ ಆ ಊರಿನದೇ ಬೆಳೆ ಅನ್ನೋ ಜಿಐ ಟ್ಯಾಗ್ ಸಿಕ್ಕಿತು ಅಂತ ಪೇಪರಿನಲ್ಲಿ ಬಂತು. ಸಂತೋಷ. ಆದರೆ ಟ್ಯಾಗ್ ಸಿಕ್ಕಿದರೇನು, ಆ ಹಣ್ಣಿನ ಸಿಪ್ಪೆ ಅಷ್ಟು ತೆಳ್ಳಗೆ, ಹಣ್ಣಾದ ಮೇಲೆ ನಾಲ್ಕು ದಿನ ತಡೆಯುವುದಿಲ್ಲ. ಬೆಂಗಳೂರಿನ ಅಕ್ಕನ ಮಗನಿಗೆ ಒಮ್ಮೆ ಕೊರಿಯರ್‌ನಲ್ಲಿ ಕಳಿಸಿದ್ದೆ. "ಚಿಕ್ಕಮ್ಮ, ಮ್ಯಾಂಗೋ ಜ್ಯೂಸ್ ಬಂದಿದೆ, ಮ್ಯಾಂಗೋ ಯಾವಾಗ ಬರುತ್ತೆ?" ಅಂತ ಮೆಸೇಜ್ ಮಾಡಿದ. ಇಶಾಡ ಬೇಕು ಅಂದರೆ ಮೇ ತಿಂಗಳಲ್ಲಿ ಅಂಕೋಲೆಗೇ ಬರಬೇಕು, ಹುಲ್ಲು ಹಾಸಿದ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರಬೇಕು. ಡಜನ್ ಲೆಕ್ಕ. ಅಲ್ಲಿ ಈಗಲೂ ಹನ್ನೆರಡು ಎಣಿಸಿದ ಮೇಲೆ ಹದಿಮೂರನೆಯದು ಒಂದು ಬೀಳುತ್ತದೆ. ಬೀಳುವ ಮೊದಲು ಮಾತ್ರ ಸ್ಕ್ಯಾನ್ ಮಾಡಬೇಡಿ. ಇದು ನನ್ನ ಸ್ವಂತ ಸಂಶೋಧನೆ.

ಅದೇ ಅಕ್ಕನ ಮಗ ಈ ಸಲ ರಜೆಗೆ ಬಂದಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪು ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುತ್ತದಂತೆ. ಇಲ್ಲಿ ಫೋನ್ ಹಿಡಿದು ಹುಡುಕಿದ, ನಿಮ್ಮ ಜಾಗಕ್ಕೆ ನಮ್ಮ ಸೇವೆ ಇಲ್ಲ ಅಂತ ಬಂತು. ಪಾಪ, ನೆಂಟರಿಲ್ಲದ ಊರಿಗೆ ಬಂದವನ ಹಾಗೆ ಮುಖ ಮಾಡಿದ. ಅವನಿಗೆ ನಾನೇನೂ ಉಪದೇಶ ಮಾಡಲಿಲ್ಲ. ನಾನೂ ಆರ್ಡರ್ ಮಾಡುವವಳೇ. ಹೋದ ಮಳೆಗಾಲದಲ್ಲಿ ಆನ್‌ಲೈನ್‌ನಲ್ಲಿ ಒಂದು ರೇನ್‌ಕೋಟ್ ತರಿಸಿದ್ದೆ. ಫೋಟೋದಲ್ಲಿ ಅದನ್ನು ಹಾಕಿಕೊಂಡವಳು ಯಾವುದೋ ಜಲಪಾತದ ಕೆಳಗೆ ನಗುತ್ತಾ ನಿಂತಿದ್ದಳು. ನಾನು ಅದನ್ನು ಹಾಕಿಕೊಂಡು ಕೋಡಿಬಾಗದಿಂದ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಒಳಗಿನ ನೀರು ಹೊರಗೆ ಹೋಗಲು ದಾರಿ ಹುಡುಕುತ್ತಿತ್ತು. ವಾಪಸ್ ಮಾಡೋಣ ಅಂದರೆ ಒದ್ದೆಯಾದ ಮಾಲು ತಗೊಳ್ಳುವುದಿಲ್ಲವಂತೆ. ರೇನ್‌ಕೋಟ್ ಅದು!

ಊರಿನ ಅಂಗಡಿಯಲ್ಲಿ ತಗೊಂಡಿದ್ದರೆ ಏನಾಗುತ್ತಿತ್ತು? ಅದೂ ಸೋರುತ್ತಿತ್ತೋ ಏನೋ. ಆದರೆ ಹೋಗಿ ಎದುರಿಗೆ ನಿಂತು ಬೈದು ಬರಬಹುದಿತ್ತು. ಬೈಸಿಕೊಂಡವನು ಒಂದು ಪ್ಲಾಸ್ಟಿಕ್ ಟೋಪಿಯಾದರೂ ಕೊಸರು ಕೊಡುತ್ತಿದ್ದ.

ಇದೇ ಹುಡುಗ ನಮಗೆ ಎರಡು ದಿನದ ತಿರುಗಾಟದ ಪ್ಲ್ಯಾನ್ ಹಾಕಿಕೊಟ್ಟ. ಅವನು ಹಾಕಿದ್ದಲ್ಲ, ಫೋನಿನೊಳಗಿನ ಎಐ ಹಾಕಿದ್ದು. ಮೊದಲ ದಿನ ಬೆಳಿಗ್ಗೆ 9ಕ್ಕೆ ದೋಣಿಯಲ್ಲಿ ಕೂರ್ಮಗಡ, 11:30ಕ್ಕೆ ದೇವಬಾಗ, 2:30ಕ್ಕೆ ಯಾಣ, 5:30ಕ್ಕೆ ಸಹಸ್ರಲಿಂಗ, 7ಕ್ಕೆ ಶಿರಸಿ ಮಾರಿಕಾಂಬೆಯ ದರ್ಶನ. ಓದಲು ಚಂದ ಇತ್ತು. ಕನ್ನಡವೂ ಪರವಾಗಿಲ್ಲ, ನನ್ನ ಮಗನ ಕನ್ನಡಕ್ಕಿಂತ ಮೇಲು. ಆದರೆ ನಡುವೆ ಚಾ ಕುಡಿಯಲು ಐದು ನಿಮಿಷ ಇಲ್ಲ. ಕಡಲು ಏಳುವ ಹೊತ್ತಿನಲ್ಲಿ ಕೂರ್ಮಗಡಕ್ಕೆ ದೋಣಿ ಬಿಡುತ್ತಾರಾ ಅಂತ ಅದು ಯಾರನ್ನೂ ಕೇಳಿಲ್ಲ. ಶಾಲ್ಮಲೆಗೆ ನೀರು ಬಂದರೆ ಸಹಸ್ರಲಿಂಗದಲ್ಲಿ ಲಿಂಗ ಕಾಣುವುದಿಲ್ಲ, ಬರೀ ಹೊಳೆ ಕಾಣುತ್ತದೆ. ಅದು ಹೋಗಲಿ, ಶಿರಸಿಗೆ ಹೋಗಲು ನಾವು ದೇವಿಮನೆ ಘಟ್ಟ ಹತ್ತಬೇಕು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಮೂರು ವಾರ ಕಳೆದ ಬೆನ್ನಿಗೇ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಆಮೇಲೆ ನಮ್ಮ ಕಡೆಯವರು ಮಳೆಯಲ್ಲಿ ಹೊರಡುವ ಮೊದಲು ಮ್ಯಾಪ್ ನೋಡಿ ಸುಮ್ಮನಾಗುವುದಿಲ್ಲ. ಕುಮಟಾದಲ್ಲೋ ಅಂಕೋಲೆಯಲ್ಲೋ ಇರುವ ಯಾರಿಗಾದರೂ ಫೋನ್ ಮಾಡುತ್ತೇವೆ. "ದಾರಿ ಹ್ಯಾಂಗದೆ?" ಅಂತ ಕೇಳುತ್ತೇವೆ. ಆ ಕಡೆಯಿಂದ ದಾರಿಯ ಸುದ್ದಿ ಒಂದು ನಿಮಿಷ, ಉಳಿದ ಸುದ್ದಿ ಅರ್ಧ ಗಂಟೆ.

ಹೊರಟಿದ್ದೇನೋ ಹೊರಟೆವು. ಅಂಕೋಲೆಯಲ್ಲಿ ಇಶಾಡಕ್ಕೆ ನಿಂತವರು ಒಂದು ಗಂಟೆ ಕಳೆದೆವು. ಉಪ್ಪಿಗೆ ಅಂತ ಸಾಣಿಕಟ್ಟಾ ಕಡೆ ತಿರುಗಿದೆವು. ಗದ್ದೆಗಳಲ್ಲಿ ಕೊನೆಯ ಉಪ್ಪು ಎಳೆದು ಗುಡ್ಡೆ ಹಾಕುತ್ತಿದ್ದರು, ಮೋಡ ನೋಡುತ್ತಾ ಅವಸರ ಅವಸರವಾಗಿ. ಹುಡುಗರು ಆ ಬಿಳಿ ಗುಡ್ಡೆ ಎದುರು ನಿಂತು ಫೋಟೋ ತೆಗೆದದ್ದೇ ತೆಗೆದದ್ದು. ಯಾಣ ಇಲ್ಲ, ಸಹಸ್ರಲಿಂಗ ಇಲ್ಲ. ರಾತ್ರಿ ಎಂಟೂವರೆಗೆ ಅಮ್ಮನ ಮನೆ ತಲುಪಿದಾಗ ಕರೆಂಟ್ ಇಲ್ಲ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಅಕ್ಕನ ಮಗ ಫೋನನ್ನು ತಲೆಯ ಮೇಲೆತ್ತಿ ಅಂಗಳ ಪೂರ್ತಿ ಓಡಾಡಿದ. 2020ರಲ್ಲಿ ಮನೆಯಿಂದ ಕೆಲಸ ಮಾಡುವ ಹುಡುಗರು ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಕೂರುತ್ತಿದ್ದರಲ್ಲ, ಆ ಗುಡ್ಡವನ್ನು ಅಪ್ಪ ಬಾಗಿಲಿಂದಲೇ ತೋರಿಸಿದರು. "ಬೆಳಿಗ್ಗೆ ಹೋಗು, ಈಗ ಹಾವು ಇರ್ತವೆ." ಅವತ್ತು ರಾತ್ರಿ ಹನ್ನೊಂದರವರೆಗೆ ಚಿಮಣಿ ಬೆಳಕಿನಲ್ಲಿ ಇಸ್ಪೀಟು. ಅಮ್ಮ ಗೆದ್ದಳು. ಅವಳು ಯಾವಾಗಲೂ ಗೆಲ್ಲುತ್ತಾಳೆ, ಎಲೆ ಹಂಚುವಾಗ ತನಗೆ ಒಂದು ಕೊಸರು ಹಾಕಿಕೊಳ್ಳುತ್ತಾಳೆ ಅಂತ ನನಗೆ ಅನುಮಾನ.

ಮತ್ತೆ ಕಾರವಾರಕ್ಕೆ ಬಂದ ಮೇಲೆ ಉಳಿದದ್ದು ಕೊಡೆಯ ಕೆಲಸ. ಮಳೆ ಶುರುವಾಗುವ ಮೊದಲು ಪೇಟೆಯಲ್ಲಿ ಕೊಡೆ ರಿಪೇರಿಯವರು ಬಂದು ಕೂರುತ್ತಾರೆ. ಗೋಣಿ ಹಾಸಿಕೊಂಡು, ಸುತ್ತ ಸತ್ತ ಕೊಡೆಗಳ ಕಡ್ಡಿ ಹರಡಿಕೊಂಡು. ನನ್ನದು ಮಾವನ ಕಾಲದ ಕರಿ ಕೊಡೆ, ಎರಡು ಕಡ್ಡಿ ಜೋತಾಡುತ್ತಿದ್ದವು. ಆತ ಹಳೆ ಕಡ್ಡಿ ಕಿತ್ತು, ಇನ್ನೊಂದು ಕೊಡೆಯ ಕಡ್ಡಿ ಅಳತೆ ನೋಡಿ, ತಂತಿ ಸುತ್ತಿ, ಇಕ್ಕಳದಲ್ಲಿ ಒತ್ತಿದ. ಬಟ್ಟೆಯ ತುದಿಗೆ ನಾಲ್ಕು ಹೊಲಿಗೆ ಹಾಕಿ ದಾರವನ್ನು ಹಲ್ಲಲ್ಲಿ ಕತ್ತರಿಸಿದ. ಫಟ್ ಅಂತ ಬಿಚ್ಚಿ, ಬಿಸಿಲಿಗೆ ಹಿಡಿದು ತೂತು ಹುಡುಕಿದ. ಐವತ್ತು ರೂಪಾಯಿ.

ಸ್ಕ್ಯಾನ್ ಮಾಡಲು ಚೀಟಿ ಎಲ್ಲಿದೆ ಅಂತ ನೋಡಿದೆ. ಇರಲಿಲ್ಲ. ಆತನ ಹತ್ತಿರ ಇದ್ದದ್ದು ಬಟನ್ ಫೋನ್. ನನ್ನ ಪರ್ಸಿನಲ್ಲಿ ನೂರರ ಒಂದೇ ನೋಟು. ಆತನ ಹತ್ತಿರ ಐವತ್ತು ಚಿಲ್ಲರೆ ಇಲ್ಲ. ಪಕ್ಕದ ಚಾದಂಗಡಿಯಲ್ಲೂ ಇಲ್ಲ. ಆತ ನೋಟು ಹಿಡಿದುಕೊಂಡು ಸ್ವಲ್ಪ ಯೋಚನೆ ಮಾಡಿ, "ಇನ್ನೊಂದು ಕೊಡೆ ತಂದು ಕೊಡಿ ಅಕ್ಕ, ಅದನ್ನೂ ಮಾಡಿ ಕೊಡ್ತೇನೆ. ಮಳೆ ಜೋರಾಗೋ ತನಕ ನಾನು ಇಲ್ಲೇ ಇರ್ತೇನೆ" ಅಂದ. ಸರಿ ಅಂದು ಬಂದೆ.

ಈಗ ಸಮಸ್ಯೆ ಏನೆಂದರೆ, ಮನೆಯಲ್ಲಿರುವ ಇನ್ನೊಂದು ಕೊಡೆ ಚೆನ್ನಾಗಿಯೇ ಇದೆ. ಐವತ್ತು ರೂಪಾಯಿ ಯಾಕೆ ಬಿಡಬೇಕು ಅಂತ ಮಗ ಅದರ ಕಡ್ಡಿ ಮುರಿಯಲು ತಯಾರಾಗಿ ನಿಂತಿದ್ದಾನೆ.