ಸತ್ಯಾಂಶ: ಆಯಿಲ್ ಬದಲಿಸಿದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಡುತ್ತದೆಯೇ?

ಶಿರಸಿ, ಕುಮಟಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು, ಬದಲಿಸಿದರೆ ಗೇರ್ ಜಾರುತ್ತದೆ. ಘಟ್ಟ ಏರಲು ದುಬಾರಿ ಟಾರ್ಕ್ ಕನ್ವರ್ಟರ್ ಹಾಕಿಸಿ.’ ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಈ ಸಂದೇಶ ನಂಬಿದರೆ ನಷ್ಟ ಗಾಡಿಯ ಮಾಲೀಕನಿಗೇ.

ಈ ಆಯಿಲ್ ಬರೀ ಸವೆತ ತಡೆಯುವುದಕ್ಕಲ್ಲ. ಒತ್ತಡದಿಂದ ಕ್ಲಚ್ ಹಿಡಿಸುವುದು, ಎಂಜಿನ್ನಿನ ಬಲವನ್ನು ಚಕ್ರದತ್ತ ದಾಟಿಸುವುದು, ಬಿಸಿಯನ್ನು ಹೊತ್ತೊಯ್ಯುವುದು ಅದರದೇ ಕೆಲಸ. ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಟ್ಟವನ್ನು ನಿಧಾನವಾಗಿ ಏರುವಾಗ ಕನ್ವರ್ಟರ್ ಒಳಗೆ ಅದು ಕಡೆದ ಮಜ್ಜಿಗೆಯಂತೆ ಸುತ್ತಿ ಕಾಯುತ್ತದೆ. ಕಾದಷ್ಟೂ ಬೇಗ ಗುಣ ಕಳೆದುಕೊಳ್ಳುತ್ತದೆ.

ಬದಲಿಸಿದ ಮೇಲೆ ಜಾರುವ ಗೇರ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಕ್ಲಚ್ ಮೊದಲೇ ಸವೆದಿರುತ್ತದೆ. ದೂರು ಮಾತ್ರ ಹೊಸ ಆಯಿಲ್ ಮೇಲೆ. ಹಳೆಯ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಯಂತ್ರದ ಒತ್ತಡದಿಂದ ತೊಳೆಸಬೇಡಿ, ಹಳೆಯದನ್ನು ಕೆಳಗಿನಿಂದ ಇಳಿಸಿ ಹೊಸದನ್ನು ತುಂಬಿಸಿ. ಒಮ್ಮೆಗೆ ಒಂದು ಭಾಗವಷ್ಟೇ ಹೊರಬರುತ್ತದೆ, ಉಳಿದದ್ದು ಹೆಚ್ಚಾಗಿ ಕನ್ವರ್ಟರ್‌ನಲ್ಲೇ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸುವುದು ಒಳ್ಳೆಯದು.

ಕೈಯಲ್ಲಿ ಹಣ ಕಡಿಮೆಯಿದ್ದರೆ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಮತ್ತು ಫಿಲ್ಟರ್ ಮೊದಲು. ಅದರಲ್ಲಿ ಚೌಕಾಸಿ ಬೇಡ. ಭಾರ ಹೊರುವ ಗಾಡಿಗೆ ನಂತರ ಹೆಚ್ಚುವರಿ ಆಯಿಲ್ ಕೂಲರ್. ವಾರಂಟಿ ಇದ್ದರೆ ಕೇಳಿಯೇ ಹಾಕಿಸಿ. ಎಂಜಿನ್ನಿನ ಬಲ ಹೆಚ್ಚಿಸದೆ ಕನ್ವರ್ಟರ್ ಬದಲಿಸುವುದು ಬಹುತೇಕ ದಂಡ. ಕಾರವಾರದಂಥ ಉಪ್ಪುಗಾಳಿಯ ಊರಿನಲ್ಲಿ ಕೂಲರ್‌ನ ಪೈಪುಗಳಿಗೆ ತುಕ್ಕು ಹಿಡಿದಿದೆಯೇ ಎಂದು ಮಳೆಗಾಲದ ನಂತರ ನೋಡಿಸಿ.