ಎಕೋ ಯಂತ್ರವನ್ನು ಈಗಲೇ ಮೂಲೆಗೆ ತಳ್ಳಬೇಡಿ

ಮ್ಯಾಗ್ನೆಟೋಕಾರ್ಡಿಯೋಗ್ರಫಿ ಬಂದರೆ ಹೃದಯದ ರಚನಾದೋಷ ಪತ್ತೆಗೆ ಎಕೋ (ಶಬ್ದತರಂಗದಿಂದ ಹೃದಯದ ಚಿತ್ರ ತೋರಿಸುವ ಸ್ಕ್ಯಾನ್) ಬೇಕಾಗುವುದಿಲ್ಲ ಎಂಬ ನಿಮ್ಮ ಲೇಖನದ ಮಾತನ್ನು ಒಪ್ಪಲಾರೆ. ಈ ಹೊಸ ಯಂತ್ರ ಅಳೆಯುವುದು ಹೃದಯದ ವಿದ್ಯುತ್ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರವನ್ನು. ಕವಾಟವನ್ನಲ್ಲ, ಗೋಡೆಯ ದಪ್ಪವನ್ನೂ ಅಲ್ಲ. ಸ್ನಾಯು ದಪ್ಪವಾದರೆ, ಗಾಯದ ಕಲೆ ಉಳಿದರೆ ಪ್ರವಾಹದ ದಾರಿ ಬದಲಾಗುತ್ತದೆ, ಆ ಸುಳಿವು ಸಿಗಬಹುದು. ಆದರೆ ಹೊಗೆ ಕಂಡ ಮಾತ್ರಕ್ಕೆ ಒಲೆಯ ಮೇಲಿರುವುದು ಅನ್ನವೋ ಸಾರೋ ತಿಳಿಯುವುದಿಲ್ಲ.

ನಮ್ಮ ಅಮ್ಮನಿಗೆ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು) ಕಿರಿದಾಗಿತ್ತು. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದದ್ದು 1.2ಕ್ಕೆ ನಿಂತಿತ್ತು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಎಕೋ ಮಾಡಿ, ತುಕ್ಕು ಹಿಡಿದ ಬಾಗಿಲಿನಂತೆ ಅರೆಬರೆ ತೆರೆಯುತ್ತಿದ್ದ ಕವಾಟವನ್ನು ವೈದ್ಯರು ಪರದೆಯ ಮೇಲೆ ನಮಗೇ ತೋರಿಸಿದರು. ಬಲೂನಿನಿಂದ ಕವಾಟ ಹಿಗ್ಗಿಸುವ ಚಿಕಿತ್ಸೆ ನಿರ್ಧಾರವಾದದ್ದು ಆ ಅಳತೆ ನೋಡಿಯೇ.

ಹೊಸ ಯಂತ್ರದಲ್ಲಿ ‘ವಿಕಿರಣವಿಲ್ಲ’ ಎಂದು ಹೊಗಳಿದ್ದೀರಿ, ಎಕೋದಲ್ಲೂ ಇಲ್ಲವಲ್ಲ! ಇನ್ನು ಹೃದಯದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 10 ಲಕ್ಷ ಪಟ್ಟು ದುರ್ಬಲ. ಪಕ್ಕದಲ್ಲಿ ಲಿಫ್ಟ್ ಓಡಿದರೂ ಅಳತೆಯಲ್ಲಿ ಗದ್ದಲ. ಅತಿ ದುರ್ಬಲ ಕಾಂತಕ್ಷೇತ್ರ ಅಳೆಯುವ ಸಾಮಾನ್ಯ ಸ್ಕ್ವಿಡ್ ಸಂವೇದಕವಾದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂ ಬೇರೆ ಬೇಕು. ತಾಲ್ಲೂಕು ಆಸ್ಪತ್ರೆಗೆ ಇದನ್ನು ತರುವವರು ಯಾರು? ಎದೆನೋವೆಂದು ಬಂದವರನ್ನು ಮೊದಲು ಸೋಸಲು ಬಳಸುವುದಾದರೆ ನನ್ನ ತಕರಾರಿಲ್ಲ.