ದಯವಿಟ್ಟು ಪೆನ್ನು ಕೊಡವಬೇಡಿ

ಈ ಸಾಲು ಬರೆಯುವ ಹೊತ್ತಿಗೆ ನನ್ನ ಬಲಗೈಯ ಮೂರು ಬೆರಳು ನೀಲಿ. ಅಂಗಿಯ ತೋಳು ನೀಲಿ. ಎಡಗಿವಿಯ ಹಿಂದೆಯೂ ಒಂದು ಚುಕ್ಕೆ ಇದೆಯಂತೆ, ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. ಅಲ್ಲಿಗೆ ಇಂಕು ಹೇಗೆ ಹೋಯಿತು ಅಂತ ನನಗೆ ಚೆನ್ನಾಗಿ ಗೊತ್ತು. ಹೇಳುತ್ತೇನೆ. ಮೊದಲು ಪೆನ್ನಿನ ವಿಷಯ.

ಇಂಕು ಪೆನ್ನು. ಯಾರೂ ಹೆಸರು ಕೇಳಿರದ ಕಂಪನಿಯದು. ಡಬ್ಬಿಯ ಮೇಲಿರುವ ಹೆಸರನ್ನು ಹೇಗೆ ಓದಬೇಕು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಯಾರಾದರೂ ಕೇಳಿದರೆ ಡಬ್ಬಿಯನ್ನೇ ತೋರಿಸಿಬಿಡುತ್ತೇನೆ. ಹೆಸರುವಾಸಿ ಪೆನ್ನಿನ ಮುಚ್ಚಳವೂ ಅಷ್ಟು ಕಡಿಮೆ ದುಡ್ಡಿಗೆ ಸಿಗುವುದಿಲ್ಲ. ಅಂಥದ್ದನ್ನು ಕೊಳ್ಳಲು ನಾನು 11 ದಿನ ಯೋಚಿಸಿದೆ. ಫ್ರಿಜ್ ಕೊಳ್ಳುವಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಆ 11 ದಿನವೂ ವಿಮರ್ಶೆ ಓದಿದ್ದೇ ಓದಿದ್ದು. ಈ ಪೆನ್ನು ವಿಮರ್ಶಕರದ್ದು ಬೇರೆಯೇ ಲೋಕ. ಫೋಟೋದಲ್ಲಿ ಪೆನ್ನು ಹಳೇ ಮರದ ಮೇಜಿನ ಮೇಲೆ ಓರೆಯಾಗಿ ಮಲಗಿರುತ್ತದೆ. ಪಕ್ಕದಲ್ಲಿ ಒಂದು ಒಣಗಿದ ಎಲೆ. ಆ ಎಲೆ ಯಾಕೆ ಅಂತ ಯಾರೂ ಹೇಳುವುದಿಲ್ಲ. ‘ಬೆಣ್ಣೆ ಹಾಗೆ ಬರೆಯುತ್ತದೆ’ ಅನ್ನುವುದು ಎಲ್ಲರ ತೀರ್ಪು. ಆದರೆ ಅವರೆಲ್ಲ ಬರೆದಿರುವುದು ಡಬ್ಬಿ ಬಿಚ್ಚಿದ ದಿನ. ಸಂಸಾರ ಹೇಗಿದೆ ಅಂತ ಆರತಕ್ಷತೆಯ ದಿನವೇ ಹೇಳಿದ ಹಾಗೆ. ಹದಿನೈದು ದಿನ ಆದ ಮೇಲೆ ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ಮೊದಲ ಗೆರೆ ಮೂಡುತ್ತದಾ ಇಲ್ಲವಾ? ನನಗೆ ಬೇಕಾಗಿದ್ದು ಅದೊಂದೇ ಉತ್ತರ. ಅದನ್ನು ಬಿಟ್ಟು ಎಲೆಯ ತನಕ ಎಲ್ಲ ಸಿಕ್ಕಿತು.

ಕೊನೆಗೆ ತರಿಸಿದೆ. ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್ ಜರ್ಮನಿ’ ಅಂತ ಕೆತ್ತಿತ್ತು. ಓದಿ ಎದೆ ಉಬ್ಬಿತು. ಆಮೇಲೆ ಗೊತ್ತಾಯಿತು, ಅಗ್ಗದ ನಿಬ್ಬುಗಳ ಮೇಲೆ ಈ ಮಾತು ಧಾರಾಳವಾಗಿ ಇರುತ್ತದೆ ಅಂತ. ತುದಿಯಲ್ಲಿ ಇರಿಡಿಯಂ ಅನ್ನುವ ಗಟ್ಟಿ ಲೋಹ ಇರಲೇಬೇಕು ಅಂತಿಲ್ಲ. ನಿಬ್ಬು ಜರ್ಮನಿಯದೇ ಆಗಿರಬೇಕು ಅಂತಲೂ ಇಲ್ಲ. ಮೂರು ಪದಗಳಲ್ಲಿ ನಂಬಬಹುದಾದದ್ದು ‘ಪಾಯಿಂಟ್’ ಒಂದೇ. ಅದು ಇತ್ತು. ಸ್ವಲ್ಪ ಸೊಟ್ಟಗಿತ್ತು, ಆದರೆ ಇತ್ತು.

ಇಂಕು ತುಂಬಿಸಿ, ಒಳ್ಳೆಯ ಕಾಗದ ಹುಡುಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಏನು ಬರೆಯುವುದು? ಇಂಗ್ಲಿಷಿನವರಿಗೆ ನರಿಯೊಂದು ಸೋಮಾರಿ ನಾಯಿಯನ್ನು ಹಾರಿ ಹೋಗುವ ವಾಕ್ಯ ಇದೆ. 26 ಅಕ್ಷರವೂ ಅದರಲ್ಲೇ ಬಂದುಬಿಡುತ್ತದೆ. ನಮಗೆ ಅಂಥ ನರಿ ಇಲ್ಲ. ಹೊಸ ಪೆನ್ನು ಕೈಗೆ ಬಂದರೆ ಎಲ್ಲರೂ ಬರೆಯುವುದು ಸ್ವಂತ ಹೆಸರು. ನಾನೂ ಅದನ್ನೇ ಬರೆದೆ. ಮೊದಲ ಅಕ್ಷರ ಮೂಡಲಿಲ್ಲ. ಎರಡನೆಯದರಿಂದ ಸರಾಗ. ಇನ್ನೊಂದು ಸಲ ಬರೆದೆ, ಹಾಗೇ ಆಯಿತು. ಪುಟ ತುಂಬ ಬರೆದೆ. ಈ ಪೆನ್ನಿನ ಪ್ರಕಾರ ನನ್ನ ಹೆಸರೇ ಬೇರೆ ಅಂತ ತೀರ್ಮಾನವಾಯಿತು.

ಹೊಸ ಪೆನ್ನಿನೊಳಗೆ ಕಾರ್ಖಾನೆಯ ಎಣ್ಣೆ ಪಸೆ ಉಳಿದಿರುತ್ತದೆ, ಇಂಕು ಅದಕ್ಕೆ ಅಂಟುವುದಿಲ್ಲ ಅಂತ ಓದಿದ್ದೆ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ನಿಬ್ಬನ್ನು ಸ್ನಾನ ಮಾಡಿಸಿದೆ. ‘ಪಾತ್ರೆ ತೊಳೀರಿ ಅಂದ್ರೆ ಸೊಂಟ ನೋವು, ಪೆನ್ನು ತೊಳೆಯೋಕೆ ಆಗುತ್ತಾ?’ ಅನ್ನುವ ಪ್ರಶ್ನೆ ಹಿಂದಿನಿಂದ ಬಂತು. ಉತ್ತರ ಕೊಡಲಿಲ್ಲ. ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ನಿಬ್ಬಿನ ಸೀಳಿನ ಆಚೆ ಈಚೆ ಇರುವ ಎರಡು ಹೋಳು ಸಮವಾಗಿರಬೇಕು. ನನ್ನದರಲ್ಲಿ ಒಂದು ಮೇಲೆ, ಒಂದು ಕೆಳಗೆ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಉಗುರಿನಿಂದ ಮೆತ್ತಗೆ ಒತ್ತಿ ರಾಜಿ ಮಾಡಿಸಿದೆ.

ಆದರೂ ಮೊದಲ ಗೆರೆ ಇಲ್ಲ. ನಿಬ್ಬಿನ ತುದಿಯನ್ನು ಅತಿಯಾಗಿ ನಯ ಮಾಡಿದರೆ ಸೀಳಿನ ಒಳ ಅಂಚು ಎರಡೂ ಕಡೆ ದುಂಡಗಾಗಿಬಿಡುತ್ತದೆ. ಆಗ ಇಂಕು ಆ ಸಂದಿಯಲ್ಲೇ ನಿಂತು ಕಾಗದವನ್ನು ಮುಟ್ಟುವುದಿಲ್ಲ. ಪೆನ್ನು ಬಲ್ಲವರು ಈ ರೋಗಕ್ಕೆ ಇಟ್ಟಿರುವ ಹೆಸರು ‘ಮಗುವಿನ ಕುಂಡೆ’. ಸುಮ್ನೆ ಹೇಳುತ್ತಿಲ್ಲ, ನಿಜವಾಗಲೂ. ಮನೆಯಲ್ಲಿ ಪೆನ್ನಿಗೇನಾಗಿದೆ ಅಂತ ಕೇಳಿದಾಗ ನಾನು ಹೇಳಲಿಲ್ಲ.

ಇನ್ನೊಂದು ತೊಂದರೆ ಬರಿ ನಮ್ಮದು. ನಿಬ್ಬಿನ ಮೇಲೆ ‘ಎಫ್’ ಅಂತ ಇದೆ, ಅಂದರೆ ಸಣ್ಣ ಗೆರೆ. ಆದರೆ ಈ ಎಫ್ ಒಂದೊಂದು ಕಂಪನಿಗೂ ಒಂದೊಂದು ಅಳತೆ. ಜಪಾನಿನ ಎಫ್ ಸಾಮಾನ್ಯವಾಗಿ ಯುರೋಪಿನ ಎಫ್‌ಗಿಂತ ತೆಳು. ನನ್ನ ಪೆನ್ನಿನ ಎಫ್ ಯಾವ ಖಂಡದ್ದೂ ಅಲ್ಲ. ಇಂಗ್ಲಿಷ್ ಬರೆಯುವವರಿಗೆ ಗೆರೆ ಕೊಂಚ ದಪ್ಪವಾದರೂ ನಡೆಯುತ್ತದೆ. ನಮಗೆ ಹಾಗಲ್ಲ. ಅಕ್ಷರದ ಕೆಳಗೆ ಒತ್ತು, ಆ ಒತ್ತಿಗೊಂದು ಒತ್ತು. ಇದರಲ್ಲಿ ‘ಲಕ್ಷ್ಮಿ’ ಅಂತ ಬರೆದೆ. ‘ಲ’ ಚೆನ್ನಾಗಿ ಬಂತು. ಆಮೇಲೆ ಒಂದು ಜಿರಲೆ ಬಂತು. ‘ರಾಷ್ಟ್ರ’ ಬರೆದರೆ ಅದೇ ಜಿರಲೆ ಮಕ್ಕಳ ಜೊತೆ ಬಂತು.

ಇಷ್ಟೆಲ್ಲ ಆದ ಪೆನ್ನನ್ನು ನಾನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ತಪ್ಪು ಮಾಡಿದ್ದು ಅಲ್ಲೇ.

ನನ್ನ ಪಕ್ಕದ ಮೇಜಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದು ಬರೆಯುವುದಿಲ್ಲ. ಇನ್ನೊಂದು ಬರೆಯುತ್ತದೆ, ಆದ್ದರಿಂದ ಅದನ್ನು ಅವರು ಬಳಸುವುದಿಲ್ಲ. ದಿನಕ್ಕೆ ಎಂಟು ಸಲವಾದರೂ ಈ ಕಡೆ ಬಾಗಿ, ‘ಪೆನ್ ಕೊಡಿ, ಒಂದೇ ಒಂದು ಸೈನು’ ಅನ್ನುತ್ತಾರೆ.

ಅಂದೂ ಕೇಳಿದರು. ಕೊಟ್ಟೆ. ಅವರು ಪೆನ್ನನ್ನು ಬಾಲ್‌ಪೆನ್ನಿನ ಹಾಗೆ ನೆಟ್ಟಗೆ ನಿಲ್ಲಿಸಿ, ಅಡಿಯಲ್ಲಿ ಮೂರು ಕಾರ್ಬನ್ ಹಾಳೆ ಇದೆಯೇನೋ ಅನ್ನುವ ಹಾಗೆ ಒತ್ತಿದರು. ನಿಬ್ಬಿನ ಹೋಳುಗಳು ಕಾಲು ಅಗಲಿಸಿ ನಿಂತವು. ಅಣ್ಣತಮ್ಮಂದಿರ ರಾಜಿ ಅಲ್ಲಿಗೆ ಮುಗಿಯಿತು. ಗೆರೆ ಬೀಳಲಿಲ್ಲ. ಅವರು ಪೆನ್ನನ್ನು ಕಣ್ಣಿನ ಹತ್ತಿರ ತಂದರು, ಕಿವಿಯ ಹತ್ತಿರ ತಂದರು. ಕಿವಿಯ ಹತ್ತಿರ ಯಾಕೆ? ಅದು ನನಗೆ ಒಣ ಎಲೆಯಷ್ಟೇ ದೊಡ್ಡ ಒಗಟು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದರು. ಆಗಲೇ ನನಗೆ ತಿಳಿಯಬೇಕಿತ್ತು. ‘ಸಾರ್, ಬೇಡ’ ಅನ್ನುವಷ್ಟರಲ್ಲಿ ಕೈ ಮೇಲೆ ಹೋಗಿತ್ತು. ಜ್ವರದ ಥರ್ಮಾಮೀಟರ್ ಕೊಡವುವವರ ಹಾಗೆ, ಭುಜದಿಂದ ಶುರುವಾಗಿ ಮಣಿಕಟ್ಟಿನಲ್ಲಿ ಮುಗಿಯುವ ಹೊಡೆತ. ಒಂದು. ಎರಡು. ಮೂರನೆಯದು ಬರಿ ಸಂತೋಷಕ್ಕೆ.

ಕನ್ವರ್ಟರಿನಲ್ಲಿ, ಅಂದರೆ ಪೆನ್ನಿನೊಳಗೆ ಇಂಕು ತುಂಬುವ ಪುಟ್ಟ ಕೊಳವೆಯಲ್ಲಿ, ಹಿಡಿಯುವುದೇ ಸುಮಾರು ಮುಕ್ಕಾಲು ಮಿಲಿಲೀಟರ್ ಇಂಕು. ಅಷ್ಟರಲ್ಲಿ ಎಷ್ಟು ಜಾಗ ನೀಲಿಯಾಗಬಹುದು ಅಂತ ಅವತ್ತು ಕಂಡೆ. ಫೈಲು, ಗೋಡೆ, ನನ್ನ ಅಂಗಿ, ಯಾರದೋ ರಜೆಯ ಅರ್ಜಿ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ದಿನ ಹೊಸದಾಗಿ ರಜೆ ಬಿತ್ತು, ನೀಲಿ ಬಣ್ಣದ ರಜೆ.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಕೊಡವಿದ ಮೇಲೆ ಪೆನ್ನು ಬರೆಯಿತು! ಮೊದಲ ಗೆರೆಯಿಂದಲೇ. ನನ್ನ ಸೋಪು, ಭೂತಗನ್ನಡಿ, ಉಗುರಿನ ಶಸ್ತ್ರಚಿಕಿತ್ಸೆ ಯಾವುದಕ್ಕೂ ಬಗ್ಗದ ಪೆನ್ನು ಅವರ ಮೂರು ಹೊಡೆತಕ್ಕೆ ಬಗ್ಗಿತು. ‘ನೋಡಿದ್ರಾ, ಅದಕ್ಕೆ ಇಷ್ಟೇ ಬೇಕಾಗಿತ್ತು’ ಅಂತ ವಾಪಸು ಕೊಟ್ಟರು. ಮುಚ್ಚಳ ಅವರ ಮೇಜಿನ ಮೇಲೇ ಉಳಿಯಿತು.

ಹಾಗೆ ಬರೆಯುವುದು ಎರಡು ಸಾಲಿಗೆ ಮಾತ್ರ ಅಂತ ವಿವರಿಸಲು ಹೋದೆ. ನಿಬ್ಬಿನ ಕೆಳಗೆ ಕಪ್ಪಗೆ ನಾಲಿಗೆ ತರಹ ಇರುತ್ತದಲ್ಲ, ಫೀಡು, ಅದೇ ಪೆನ್ನಿನ ಬುದ್ಧಿ. ಅದರಲ್ಲಿ ಕೂದಲೆಳೆಯಂಥ ಗೀರುಗಳಿವೆ. ಇಂಕು ಕೆಳಗಿಳಿದಷ್ಟೂ ಗಾಳಿ ಮೇಲೇರಬೇಕು, ಆಗಲೇ ಹರಿವು ಹದವಾಗಿರುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಫೀಡಿಗೇ. ಆತ ವಿಮೆ ಮಾರುತ್ತಿದ್ದನಂತೆ, ಸಹಿ ಹಾಕುವ ಹೊತ್ತಿಗೆ ಪೆನ್ನು ಇಂಕು ಕಕ್ಕಿ ಪತ್ರ ಹಾಳಾಯಿತಂತೆ, ಆ ಸಿಟ್ಟಿಗೆ ಹೊಸ ಪೆನ್ನು ಮಾಡಿದನಂತೆ. ಆ ಕತೆ ಕಟ್ಟಿದ್ದು ಅನ್ನುವವರೂ ಇದ್ದಾರೆ. ನಾನು ನಂಬುತ್ತೇನೆ. ಪೆನ್ನು ತಾನಾಗಿ ಕಕ್ಕಿರಲಾರದು ಅಷ್ಟೇ. ಅವನ ಪಕ್ಕದ ಮೇಜಿನಲ್ಲೂ ಯಾರೋ ಇದ್ದಿರಬೇಕು.

ವಿವರಣೆ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಅಪ್ಪನ ಅಸ್ತ್ರ ತೆಗೆದೆ. ‘ಸಾರ್, ಬೇರೆಯವರು ಬರೆದ್ರೆ ನಿಬ್ಬು ಕೆಡುತ್ತೆ.’

ಅಪ್ಪ ಯಾರಿಗೂ ಪೆನ್ನು ಕೊಡುತ್ತಿರಲಿಲ್ಲ. ನನಗೂ ಇಲ್ಲ. ಕೇಳಿದರೆ ಇದೊಂದೇ ಮಾತು. ನಿಬ್ಬಿನ ತುದಿಗೆ ಹಾಕುವ ಲೋಹ ತುಂಬ ಗಟ್ಟಿ, ಒಂದು ಸೈನಿಗೆಲ್ಲ ಅದಕ್ಕೆ ಏನೂ ಆಗುವುದಿಲ್ಲ ಅಂತ ದೊಡ್ಡವನಾದ ಮೇಲೆ ಓದಿ, ಅಪ್ಪ ಸುಳ್ಳು ಹೇಳುತ್ತಿದ್ದರು ಅಂತ ನಕ್ಕಿದ್ದೆ. ಅವರು ಹೋದ ಮೇಲೆ ಆ ಪೆನ್ನು ನನಗೆ ಬಂತು. ಬರೆದರೆ ಕಾಗದವನ್ನು ಗೀರುತ್ತಿತ್ತು. ಹಾಳಾಗಿದೆ ಅಂದುಕೊಂಡೆ. ಒಂದು ದಿನ ಬೇಸರದಲ್ಲಿ ಬೆರಳ ನಡುವೆ ತಿರುಗಿಸುತ್ತಾ, ಎಡಕ್ಕೆ ಸ್ವಲ್ಪ ಓರೆ ಮಾಡಿ ಬರೆದೆ. ನುಣ್ಣಗೆ ಜಾರಿತು. ಅಪ್ಪ ಪೆನ್ನು ಹಿಡಿಯುತ್ತಿದ್ದದ್ದು ಹಾಗೇ, ಮಣಿಕಟ್ಟು ಒಳಕ್ಕೆ ತಿರುಗಿಸಿ. ಎಷ್ಟೋ ವರ್ಷ ಬರೆದು ತುದಿ ಆ ಓರೆಗೇ ಸವೆದಿತ್ತು. ಈಗಲೂ ಅದರಲ್ಲಿ ಬರೆಯಬೇಕಾದರೆ ನಾನು ಅವರ ಹಾಗೆ ಕೈ ತಿರುಗಿಸಬೇಕು. ಅದನ್ನು ಆಫೀಸಿಗೆ ಒಯ್ಯುವುದಿಲ್ಲ.

ನನ್ನ ಅಗ್ಗದ ಪೆನ್ನಿಗೆ ಈ ಮಾತು ಜಾಸ್ತಿಯೇ ಆಯಿತು. ಆದರೆ ಹಿರಿಯರ ಮುಖ ಗಂಭೀರವಾಯಿತು. ‘ಹೌದಾ? ಹಾಗಾದ್ರೆ ನನಗೂ ಅದೇ ಒಂದು ತರಿಸಿಕೊಡಿ’ ಅಂದರು. ಖುಷಿಯಿಂದ ತರಿಸಿಕೊಟ್ಟೆ, ದುಡ್ಡೂ ಕೇಳಲಿಲ್ಲ. ಅವರದರಲ್ಲಿ ಮೊದಲ ಗೆರೆ ಚೆನ್ನಾಗಿ ಬೀಳುತ್ತಿತ್ತು. ‘ಲಕ್ಷ್ಮಿ’ ಕೂಡ ಓದಲು ಬರುತ್ತಿತ್ತು. ಅದೇ ಕಂಪನಿ, ಅದೇ ಡಬ್ಬಿ! ಈ ಪೆನ್ನು ತಗೋಬಹುದಾ ಅಂತ ನೀವು ಕೇಳಿದರೆ ನಾನೇನು ಹೇಳಲಿ? ಒಳ್ಳೆಯದು ಬಂದರೆ ತಗೋಬಹುದು. ನಿಬ್ಬು ಬಿಚ್ಚಿ ಬೇರೆ ಹಾಕಲು ಬರುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಇವತ್ತು ಬೆಳಿಗ್ಗೆ ಅವರು ಮತ್ತೆ ಈ ಕಡೆ ಬಾಗಿದರು. ‘ಒಂದೇ ಒಂದು ಸೈನು.’

‘ನಿಮ್ಮ ಪೆನ್ನೆಲ್ಲಿ ಸಾರ್?’

ಜೇಬು ಮುಟ್ಟಿ ತೋರಿಸಿದರು. ಮೂರು ಪೆನ್ನಿದ್ದವು. ‘ಇದೆ. ಆದ್ರೆ ಈಗಷ್ಟೇ ನನ್ನ ಕೈಗೆ ಒಗ್ಗುತ್ತಾ ಇದೆ. ಈ ಒರಟು ಕಾಗದದ ಮೇಲೆ ಬರೆದ್ರೆ ನಿಬ್ಬು ಕೆಡಲ್ವಾ?’

ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಪೆನ್ನು ಅವರ ಕಿವಿಯ ಹತ್ತಿರ ಹೋಗಿತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಈ ಸಲ ನಾನು ಮುಖ ತಿರುಗಿಸಿಕೊಂಡೆ.